ಉತ್ತರ ಹೇಳದವರ ಊಟ

ಧರ್ಮೇಂದ್ರನನ್ನು ಮೊದಲ ಸಲ ನೋಡಿದವರು ಕನ್ನಡ ಮೇಷ್ಟ್ರು ಎಂದುಕೊಳ್ಳುತ್ತಿದ್ದರು. ಇಸ್ತ್ರಿ ಮಾಡಿದ ತಿಳಿ ಬಣ್ಣದ ಷರ್ಟು, ಜೇಬಿನಲ್ಲಿ ಒಂದು ಕೆಂಪು ಪೆನ್ನು, ಮೂಗಿನ ತುದಿಗೆ ಜಾರಿದ ಕನ್ನಡಕ. ಅವನು ಮೇಷ್ಟ್ರಲ್ಲ. ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಮೀಸೆ ಚಿಗುರಿದಾಗಿನಿಂದ ಅದು ನರೆಯುವ ತನಕ ಡಿಟಿಪಿ ಮಾಡಿಕೊಂಡಿದ್ದವನು. ಮದುವೆ ಕಾಗದ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಎಲ್ಲ ಅವನ ಬೆರಳ ಕೆಳಗೆ ಹಾದುಹೋಗಿವೆ. ಹೋಟೆಲಿನ ತಿಂಡಿಪಟ್ಟಿಯಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದ್ದರೆ ದೋಸೆ ತಣ್ಣಗಾಗುವ ತನಕ ಅದನ್ನೇ ನೋಡುತ್ತಾ ಕೂರುವ ಜಾತಿಯವನು. ಜನ ಮದುವೆಗೆ ಫೋನಿನಲ್ಲೇ ಕರೆಯಲು ಶುರುಮಾಡಿದ ಮೇಲೆ ಆ ಪ್ರೆಸ್ಸು ಮುಚ್ಚಿತು. ಓಕಳಿಪುರದ ಮನೆಯಲ್ಲಿ ರೈಲಿನ ಸದ್ದು ಕೇಳುತ್ತಾ ಕೆಲವು ತಿಂಗಳು ಕೂತಿದ್ದ. ಆಮೇಲೆ ಯಾರೋ ಹೇಳಿ ನಮ್ಮಲ್ಲಿಗೆ ಬಂದ.

ನಮ್ಮದು ಅಂದರೆ ಬಸವನಗುಡಿಯ ಒಂದು ಸಣ್ಣ ಟ್ರಸ್ಟು. ಕೆಳಗೆ ಅಡುಗೆಮನೆ, ಮಹಡಿಯ ಮೇಲೆ ಆಫೀಸು. ಅಡುಗೆ ಮಾಡಿಕೊಳ್ಳಲಾಗದ ವಯಸ್ಸಾದವರಿಗೆ ಮಧ್ಯಾಹ್ನದ ಊಟ ಡಬ್ಬಿಯಲ್ಲಿ ಕಟ್ಟಿ ಮನೆಗೆ ಮುಟ್ಟಿಸುವುದು ನಮ್ಮ ಕೆಲಸ. ನಾನು ವಾಣಿ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಅಡುಗೆಮನೆಯ ಯಜಮಾನಿಕೆ ನನ್ನದು. ನನ್ನ ಬಾಯಿ ಜೋರು ಎಂದು ಹೇಳುತ್ತಾರೆ, ಸುಳ್ಳಲ್ಲ. ಹುಳಿಗೆ ಉಪ್ಪು ಜಾಸ್ತಿಯಾದರೂ ಬೈಯುತ್ತೇನೆ, ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೂ ಬೈಯುತ್ತೇನೆ. ಇಷ್ಟು ಜನಕ್ಕೆ ಹೊತ್ತಿಗೆ ಸರಿಯಾಗಿ ಅನ್ನ ಮುಟ್ಟಬೇಕಾದರೆ ಯಾರಾದರೂ ಒಬ್ಬರು ಬೈಯುವವರು ಬೇಕೇ ಬೇಕು.

ಊಟ ಹೋಗುತ್ತಿದ್ದ ಮನೆಗಳಲ್ಲಿ ಮಾವಳ್ಳಿಯ ಚಿಕ್ಕಮುನಿಯಮ್ಮನದೂ ಒಂದು. ಮನೆ ಅಂದರೆ ವಠಾರದ ಕೊನೆಯ ಒಂದೇ ಕೋಣೆ. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿಕೊಂಡು ಬದುಕಿದ ಹೆಂಗಸು. ಗಂಡ ಹೋಗಿ ಎಷ್ಟೋ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಸಕ್ಕರೆ ಕಾಯಿಲೆಗೆ ಕಾಲು ಸೋತ ಮೇಲೆ ಬುಟ್ಟಿ ಇಳಿಸಿದಳು. ಆಕೆಗೆ ಡಾಕ್ಟರು ಕೊಟ್ಟ ಮಾತ್ರೆಗೆ ಒಂದು ಕರಾರಿತ್ತು. ಅದನ್ನು ನುಂಗಿದ ಮೇಲೆ ಊಟ ಮಾಡಲೇಬೇಕು, ಮಾಡದಿದ್ದರೆ ಸಕ್ಕರೆ ಇಳಿದು ಪ್ರಾಣಕ್ಕೆ ಕುತ್ತು ಬರುತ್ತದೆ. ಗಡಿಯಾರ ನೋಡಲು ಬಾರದ ಆಕೆ ತನ್ನದೇ ಒಂದು ಲೆಕ್ಕ ಇಟ್ಟುಕೊಂಡಿದ್ದಳು. ನಮ್ಮ ಮನೋಹರನ ಸ್ಕೂಟರಿನ ಸದ್ದು ಗಲ್ಲಿಯಲ್ಲಿ ಕೇಳಿಸಿತೋ, ಮಾತ್ರೆ ಬಾಯಿಗೆ. ಅವನು ಬಾಗಿಲಿಗೆ ಬರುವಷ್ಟರಲ್ಲಿ ತಟ್ಟೆ ತೊಳೆದು ಕೂತಿರುತ್ತಿದ್ದಳು.

ಹಾಗೆ ಕೂತಿದ್ದರೂ ಬಾಯಲ್ಲಿ ಮಾತ್ರ ಬೇರೆಯದೇ ಮಾತು. "ನಂಗ್ಯಾಕಪ್ಪ ದಿನಾ ತರ್ತೀಯ? ನಾಳೀಕೆ ಬ್ಯಾಡ. ಯಾರಾದ್ರೂ ಇಲ್ದೋರಿಗೆ ಕೊಡು." ಇದು ದಿನವೂ ಹೇಳುವ ಮಾತು, ದಿನವೂ ಡಬ್ಬಿಗೆ ಕೈ ಚಾಚಿಕೊಂಡೇ ಹೇಳುವ ಮಾತು. ಅವಳೊಬ್ಬಳೇ ಅಲ್ಲ. ನಮ್ಮ ಕಡೆ ಮೊದಲ ಸಲ ಕೇಳಿದಾಗ "ಬೇಕು" ಅನ್ನುವವರು ಯಾರಿದ್ದಾರೆ ಹೇಳಿ. ಕಾಫಿ ಕುಡೀತೀರಾ ಎಂದರೆ ಬೇಡ, ಇನ್ನೊಂದು ಸ್ವಲ್ಪ ಅನ್ನ ಹಾಕಲಾ ಎಂದರೆ ಬೇಡ. ಕೇಳಿದವರು ಎರಡನೇ ಸಲ ಕೇಳಬೇಕು, ಮೂರನೇ ಸಲ ಬಲವಂತ ಮಾಡಬೇಕು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಸರಿ, ಬಾಯಿಬಿಟ್ಟು ಬೇಕು ಎನ್ನುವುದು ಮಾನ ಹೋಗುವ ಸಂಗತಿ. ಪುಕ್ಕಟೆ ಊಟದ ವಿಷಯದಲ್ಲಂತೂ ಇನ್ನೂ ಹೆಚ್ಚು.

ಕಷ್ಟ ಎಲ್ಲಿ ಬಂತೆಂದರೆ, ನಿಜವಾಗಿಯೂ ಬೇಡವಾದ ದಿನಗಳೂ ಇರುತ್ತಿದ್ದವು. ಒಬ್ಬರಿಗೆ ಶನಿವಾರ ಒಪ್ಪೊತ್ತು, ಇನ್ನೊಬ್ಬರು ಮಗಳ ಮನೆಗೆ ಹೋಗಿರುತ್ತಾರೆ, ಮತ್ತೊಬ್ಬರಿಗೆ ಏಕಾದಶಿ ಉಪವಾಸ. ಡಬ್ಬಿಗಳು ತೆಗೆಯದೆ ಹಾಗೇ ವಾಪಸ್ಸು ಬರುತ್ತಿದ್ದವು. ಟ್ರಸ್ಟಿನ ಕಾರ್ಯದರ್ಶಿ ಶಂಭುಲಿಂಗಪ್ಪನವರಿಗೆ ಅನ್ನ ಚೆಲ್ಲುವುದನ್ನು ಕಂಡರೆ ಆಗುತ್ತಿರಲಿಲ್ಲ. ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರಾಗಿದ್ದವರು, ಯಾವುದಕ್ಕೂ ಒಂದು ಪದ್ಧತಿ ಬೇಕು ಎನ್ನುವವರು. ಊಟ ಮುಟ್ಟಿಸುವವರು ಹಿಂದಿನ ದಿನವೇ ಪ್ರತಿ ಮನೆಯಲ್ಲೂ ನಾಳೆಯ ಊಟ ಬೇಕೋ ಬೇಡವೋ ಕೇಳಿ ಫೋನಿನಲ್ಲೇ ತುಂಬಿ ಕಳಿಸುವ ಹಾಗೆ ಒಂದು ಫಾರ್ಮು ಮಾಡಿಸೋಣ ಎಂದರು. ಮಾಡುವವರು ಯಾರು ಎಂದಾಗ ಧರ್ಮೇಂದ್ರ ಕೈ ಎತ್ತಿದ.

"ನಿಂಗೆ ಬರುತ್ತೇನೋ?" ಎಂದೆ.

"ಬರಲ್ಲ ಅಕ್ಕ. ಕಲ್ತ್ಕೋತೀನಿ."

ಮಾರನೆಯ ದಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಿಂದ ಒಂದು ಹಳೆಯ ಪುಸ್ತಕ ಹೊತ್ತು ತಂದ. ಪರ್ಲ್ ಅಂತ ಒಂದು ಕಂಪ್ಯೂಟರ್ ಭಾಷೆಯಂತೆ. ನಮ್ಮ ಟ್ರಸ್ಟಿನ ವೆಬ್‌ಸೈಟು ಎಷ್ಟೋ ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಮಾಡಿಕೊಟ್ಟದ್ದು, ಅದರೊಳಗೆ ಇದ್ದದ್ದೂ ಅದೇ ಭಾಷೆ. ಅಂಗಡಿಯವನು, "ಇದನ್ನ ಈಗ ಯಾರೂ ಓದಲ್ಲ ಸಾರ್" ಎಂದು ಹೇಳಿಯೇ ಕೊಟ್ಟನಂತೆ. ಐವತ್ತು ದಾಟಿದವನು, ಚಿಕ್ಕ ಹುಡುಗರ ಹಾಗೆ ಪುಸ್ತಕಕ್ಕೆ ರಟ್ಟು ಹಾಕಿ, ಮಹಡಿಯ ಮೇಲೆ ಕಂಪ್ಯೂಟರಿನ ಮುಂದೆ ಕೂತ. ನಾವು ಕೆಳಗೆ ಒಗ್ಗರಣೆ ಹಾಕಿದರೆ ಮೇಲೆ ಅವನ ಕೆಮ್ಮು ಕೇಳುತ್ತಿತ್ತು.

ಮೊದಮೊದಲು ಏನೂ ನಡೆಯಲಿಲ್ಲ. ಒಂದು ಅರ್ಧವಿರಾಮ ಬಿಟ್ಟರೆ ಇಡೀ ಪುಟವೇ ತೆರೆಯುತ್ತಿರಲಿಲ್ಲ. ಅದು ಅವನಿಗೆ ಹಿಡಿಸಿತು. "ನೋಡಿ ಅಕ್ಕ, ಕಂಪ್ಯೂಟರ್ರು ನನಗಿಂತ ಒಳ್ಳೆ ಪ್ರೂಫ್ ರೀಡರ್ರು" ಎನ್ನುತ್ತಿದ್ದ. ಅವನ ಪುಸ್ತಕದಲ್ಲಿ ಮೊದಲ ಪಾಠದಲ್ಲೇ ಹೇಳಿತ್ತಂತೆ, ಸ್ಕ್ರಿಪ್ಟಿನ, ಅಂದರೆ ಕಂಪ್ಯೂಟರಿಗೆ ಬರೆದುಕೊಡುವ ಆಜ್ಞೆಗಳ, ತಲೆಯ ಮೇಲೆ ಒಂದು ಸಾಲು ಬರೆದುಕೊಂಡರೆ ಅನುಮಾನ ಬಂದ ಕಡೆಯಲ್ಲೆಲ್ಲ ಅದು ವಾರ್ನಿಂಗ್ ಕೊಡುತ್ತದೆ ಎಂದು. ತಪ್ಪಾದರೆ ಕೆಲಸ ನಿಲ್ಲುತ್ತದೆ. ವಾರ್ನಿಂಗ್ ಹಾಗಲ್ಲ, ಕೆಲಸ ನಡೆಯುತ್ತಿರುತ್ತದೆ, ಆದರೆ ಒಂದು ಕಡೆ ದೂರು ಬರೆದಿಡುತ್ತದೆ. ಆ ದೂರುಗಳ ಕಡತಕ್ಕೆ ಲಾಗ್ ಎನ್ನುತ್ತಾರಂತೆ.

ಮೊದಲನೆಯ ದೂರು ಅಕ್ಷರದ್ದು. ಕನ್ನಡದ ಹೆಸರುಗಳೆಲ್ಲ ಪರದೆಯ ಮೇಲೆ ಚಿತ್ರವಿಚಿತ್ರ ಗುರುತುಗಳಾಗಿ ಬಂದವು. ಲಾಗಿನಲ್ಲಿ 'ವೈಡ್ ಕ್ಯಾರೆಕ್ಟರ್' ಎಂಬ ವಾರ್ನಿಂಗು. ಅಗಲವಾದ ಅಕ್ಷರ ಎಂದರ್ಥ ಎಂದ. "ನಮ್ಮ ಅಕ್ಷರ ಅಗಲ ಅಂತ ದೂರ್ತಾನಾ ಅವ್ನು? ಅವನ ತಲೆ ಕಿರಿದು" ಎಂದು ಬೈದೆ. ಅವನು ನಕ್ಕು, ಹುಡುಕಿ, ಒಂದು ಸಾಲು ಸೇರಿಸಿದ. ಅಕ್ಷರಗಳು ದುಂಡಗೆ ಮೂಡಿದವು, ವಾರ್ನಿಂಗು ಹೋಯಿತು. ಎರಡನೆಯ ದೂರು ಮನೆ ನಂಬರಿನದು. ಮನೆಗಳನ್ನು ನಂಬರಿನ ಪ್ರಕಾರ ಜೋಡಿಸಲು ಹೋದರೆ, ಹನ್ನೆರಡು ಬೈ ಮೂರು ಎಂಬುದು ಸಂಖ್ಯೆಯೇ ಅಲ್ಲ ಎಂದು ಸ್ಕ್ರಿಪ್ಟು ತಕರಾರು ತೆಗೆಯಿತು. ನಮ್ಮ ಹಳೇ ಬೀದಿಗಳಲ್ಲಿ ಬೈ ಇಲ್ಲದ ನಂಬರು ಎಲ್ಲಿದೆ? ಅಣ್ಣತಮ್ಮಂದಿರು ಪಾಲಾದಾಗಲೆಲ್ಲ ಒಂದೊಂದು ಬೈ ಹುಟ್ಟಿದೆ. ಅದನ್ನೂ ಬಿಡಿಸಿದ. ಪ್ರತಿ ಸಲವೂ ವಾರ್ನಿಂಗ್ ಹೇಳಿದ್ದು ನಿಜವೇ ಆಗಿತ್ತು, ಅವನು ಮಾಡಿದ ರಿಪೇರಿಯೂ ಸರಿಯಾಗಿತ್ತು. ಪ್ರೆಸ್ಸು ಮುಚ್ಚಿದ ಮೇಲೆ ಅವನ ಮುಖದಲ್ಲಿ ಕಾಣದೆ ಹೋಗಿದ್ದ ಒಂದು ಕಳೆ ಆಗ ವಾಪಸ್ಸು ಬಂದದ್ದನ್ನು ನಾನು ಕಣ್ಣಾರೆ ಕಂಡೆ, ನನಗೆ ಖುಷಿಯಾಗಿತ್ತು.

ಫಾರ್ಮು ಓಡತೊಡಗಿತು. ಪ್ರತಿ ಹೆಸರಿನ ಮುಂದೆ ಎರಡು ಬೊಟ್ಟು, ಒಂದು ಬೇಕು, ಒಂದು ಬೇಡ. ಯಾವುದನ್ನಾದರೂ ಒತ್ತಿ ಕಳಿಸುವುದು. ಬೆಳಿಗ್ಗೆ ಆಫೀಸಿನಿಂದ ಪಟ್ಟಿ ಮುದ್ರಿಸಿ ನಮ್ಮ ಅಡುಗೆಮನೆಗೆ ಇಳಿಯುತ್ತಿತ್ತು. ಅದರಲ್ಲಿ ಕೆಲವು ಹೆಸರುಗಳ ಮುಂದೆ ಬೇಕು, ಕೆಲವಕ್ಕೆ ಬೇಡ, ಇನ್ನು ಕೆಲವಕ್ಕೆ ಎರಡೂ ಇಲ್ಲದೆ ಖಾಲಿ ಜಾಗ.

ಆ ಖಾಲಿ ಜಾಗ ಹೇಗೆ ಬಂತೆಂದು ನಾನು ಮನೋಹರನನ್ನು ಕೇಳಿದ್ದೆ. ಅವನು ಆಟೋ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿರುವವನು, ಮಧ್ಯಾಹ್ನ ಅಂಗಡಿಯನ್ನು ಹೆಂಡತಿಗೆ ಬಿಟ್ಟು ನಮ್ಮ ಡಬ್ಬಿ ಹೊರುತ್ತಾನೆ. "ಏನ್ಮಾಡ್ಲಿ ಅಕ್ಕ? ಅಜ್ಜಿ ಬೇಡ ಅಂತಾಳೆ. ಬೇಕು ಅಂತ ಒತ್ತಿದ್ರೆ ಸುಳ್ಳಾಗುತ್ತೆ. ಬೇಡ ಅಂತ ಒತ್ತಿದ್ರೆ ಪಾಪ ಬರುತ್ತೆ. ಅದಕ್ಕೆ ಏನೂ ಒತ್ತಲ್ಲ, ಹಂಗೇ ಕಳಿಸ್ಬಿಡ್ತೀನಿ" ಎಂದ. ಉಳಿದವರು ಮಾಡುತ್ತಿದ್ದುದೂ ಅದನ್ನೇ. ನಾವು ಅಡುಗೆಮನೆಯವರು ಖಾಲಿ ಜಾಗ ಕಂಡರೆ ಮಾತಿಲ್ಲದೆ ಒಂದು ಡಬ್ಬಿ ಕಟ್ಟುತ್ತಿದ್ದೆವು. ಮೌನಂ ಸಮ್ಮತಿ ಲಕ್ಷಣಂ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ? ಹೀಗೆ ಕೇಳುವವರು, ಹೇಳುವವರು, ಕಟ್ಟುವವರು ಎಲ್ಲರಿಗೂ ಅದರ ಅರ್ಥ ಗೊತ್ತಿತ್ತು. ಮಹಡಿಯ ಮೇಲೆ ಕೂತವನಿಗೆ ಗೊತ್ತಿರಲಿಲ್ಲ. ಅವನು ಕೇಳಲಿಲ್ಲ, ನಾವು ಹೇಳಲಿಲ್ಲ. ಹೇಳಬೇಕಾದ ವಿಷಯ ಎಂದೇ ಯಾರಿಗೂ ಹೊಳೆದಿರಲಿಲ್ಲ.

ಮೇಲೆ ಆ ಖಾಲಿ ಜಾಗವೇ ಅವನ ನಿದ್ದೆಗೆಡಿಸಿತ್ತು. ಪ್ರತಿ ದಿನ ಲಾಗಿನಲ್ಲಿ ಒಂದೇ ದೂರು, ಸಾಲಿನ ಮೇಲೆ ಸಾಲು. 'ಯೂಸ್ ಆಫ್ ಅನ್‌ಇನಿಶಿಯಲೈಸ್ಡ್ ವ್ಯಾಲ್ಯೂ.' ಊಟಕ್ಕೆ ಬಂದಾಗ ನನಗೆ ಬಿಡಿಸಿ ಹೇಳಿದ.

"ಖಾಲಿ ತಟ್ಟೆ ಬೇರೆ ಅಕ್ಕ, ತಟ್ಟೆನೇ ಹಾಕ್ದೆ ಇರೋದು ಬೇರೆ. ಎರಡ್ರಲ್ಲಿ ಯಾವ್ದೂ ಒತ್ತದೆ ಕಳಿಸಿದ್ರೆ, ಖಾಲಿ ಅಂತಾನೂ ಬರಲ್ಲ. ಏನೂ ಬರಲ್ಲ. ನನ್ ಸ್ಕ್ರಿಪ್ಟು ಆ ಉತ್ತರನ ಹುಡುಕುತ್ತೆ, ಸಿಗಲ್ಲ. ಸಿಗಲಿಲ್ಲ ಅಂತ ಬಡ್ಕೊಳ್ಳುತ್ತೆ."

"ಬಡ್ಕೊಳ್ಳಲಿ ಬಿಡು. ಕೆಲಸ ನಡೀತಿದೆಯಲ್ಲ."

"ತಪ್ಪು ಇಟ್ಕೊಂಡು ಪ್ರಿಂಟಿಗೆ ಕಳ್ಸೋಕಾಗುತ್ತಾ ಅಕ್ಕ?" ಎಂದು ಮಜ್ಜಿಗೆ ಕುಡಿದು ಎದ್ದು ಹೋದ.

ಅವನ ಕಸುಬಿನಲ್ಲಿ ಪುಟದ ಮೇಲೆ ತೂತು ಬಿಡುವಂತಿರಲಿಲ್ಲ. ಮದುವೆ ಮನೆಯವರು ಬರೆದುಕೊಟ್ಟ ಕಾಗದದಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದರೆ ಇವನೇ 'ತಮ್ಮ ಆಗಮನಾಭಿಲಾಷಿಗಳು' ಎಂದು ತುಂಬಿಬಿಡುತ್ತಿದ್ದ. ಯಾರೂ ಬೇಡ ಎಂದಿರಲಿಲ್ಲ, ಕೈ ಮುಗಿದು ಹೋಗುತ್ತಿದ್ದರು. ತುಂಬುವುದೇ ಮರ್ಯಾದೆ ಎಂದು ಕಲಿತ ಕೈ ಅದು.

ಅಷ್ಟರಲ್ಲಿ ವೆಬ್‌ಸೈಟಿಗೆ ಜಾಗ ಕೊಟ್ಟ ಕಂಪನಿಯವರು ನಿಮ್ಮ ಲಾಗು ಬೆಳೆದು ಜಾಗ ತುಂಬುತ್ತಿದೆ ಎಂದು ಶಂಭುಲಿಂಗಪ್ಪನವರಿಗೆ ಬರೆದರು. ಅವರು ಮಹಡಿ ಹತ್ತಿ ಬಂದರು. "ಏನಯ್ಯಾ ಇದು ಇಷ್ಟೊಂದು ವಾರ್ನಿಂಗು? ನಮ್ ಇಲಾಖೇಲಿ ಇಷ್ಟು ವಾರ್ನಿಂಗ್ ಬಂದಿದ್ರೆ ಊರೇ ಸುಟ್ಟೋಗಿರೋದು" ಎಂದರು. ಧರ್ಮೇಂದ್ರನ ಮುಖ ಸಣ್ಣದಾಯಿತು. ಇಂಟರ್‌ನೆಟ್ಟಿನಲ್ಲಿ ಕೇಳಿದ. ಇನ್ನೂ ಪರ್ಲ್ ಬರೆಯುತ್ತೀರಾ ಅಂಕಲ್ ಎಂದು ಕೆಲವರು ನಕ್ಕರು. ಒಬ್ಬ ಮಾತ್ರ ಸರಿಯಾದ ಉತ್ತರ ಕೊಟ್ಟ. ಬರದೆ ಹೋದ ಉತ್ತರಕ್ಕೆ ನೀವೇ ಮೊದಲೇ ಹೌದೋ ಇಲ್ಲವೋ ಒಂದನ್ನು ತುಂಬಿಬಿಡಿ, ವಾರ್ನಿಂಗು ನಿಲ್ಲುತ್ತದೆ. ಪುಸ್ತಕದಲ್ಲೂ ಅದನ್ನೇ ಬರೆದಿತ್ತು. ಗುರುತು ಹಾಕದ ಚೌಕ ಅಂದರೆ ಇಲ್ಲ ಎಂದು ತಿಳಿಯಿರಿ ಎಂದು ಉದಾಹರಣೆಯೂ ಇತ್ತು.

ಒಂದು ಸೋಮವಾರ ಸಂಜೆ ಶಂಭುಲಿಂಗಪ್ಪನವರನ್ನು ಕೇಳಿದನಂತೆ. "ಸಾರ್, ಏನೂ ಒತ್ತದೋರಿಗೆ ಬೇಡ ಅಂತ ಹಾಕ್ಬಿಡ್ಲಾ? ಬೇಕಾದೋರು ಬೇಕು ಅಂತ ಒತ್ತೇ ಒತ್ತಿರ್ತಾರಲ್ಲ?"

"ಸರಿ ಮತ್ತೆ. ಬೇಕಾದೋರು ಕೇಳಲ್ವೇನಯ್ಯಾ? ಅನ್ನ ವೇಸ್ಟ್ ಆಗೋದೂ ನಿಲ್ಲುತ್ತೆ" ಎಂದರು ಅವರು.

ಎಂಜಿನಿಯರಿಗೂ ಅನುಮಾನ ಬರಲಿಲ್ಲ, ಪ್ರೂಫ್ ನೋಡುವವನಿಗೂ ಬರಲಿಲ್ಲ. ಇಬ್ಬರೂ ಇದೇ ಊರಿನವರು, ಇಬ್ಬರೂ ಹೋದ ಮನೆಯಲ್ಲೆಲ್ಲ ಕಾಫಿ ಬೇಡ ಎಂದು ಹೇಳಿ ಕುಡಿದು ಬಂದವರು. ಅವನು ಒಂದು ಸಾಲು ತಿದ್ದಿದ. ಜೊತೆಗೆ ಬೇಡ ಎಂದವರ ಹೆಸರು ಪಟ್ಟಿಯಲ್ಲಿ ಬಾರದ ಹಾಗೆಯೂ ಮಾಡಿದ, ಕಾಗದ ಉಳಿಯಲಿ ಎಂದು.

ಮಂಗಳವಾರ ಮಧ್ಯಾಹ್ನ ಎಂದಿನಂತೆ ಎಲ್ಲ ಮನೆಗಳಿಂದ ಮಾರನೆಯ ದಿನದ ಫಾರ್ಮು ಬಂತು. ಸಂಜೆ ಧರ್ಮೇಂದ್ರ ಲಾಗು ತೆರೆದು ನೋಡಿದ. ಒಂದೇ ಒಂದು ವಾರ್ನಿಂಗ್ ಇರಲಿಲ್ಲ. ಗಾಂಧಿಬಜಾರಿಗೆ ಹೋಗಿ ಒಂದು ದೊಡ್ಡ ಪೊಟ್ಟಣ ಕಾಂಗ್ರೆಸ್ ಕಡಲೆಬೀಜ ತಂದು ಅಡುಗೆಮನೆಯಲ್ಲಿ ಎಲ್ಲರ ಕೈಗೂ ಹಾಕಿದ. "ಕ್ಲೀನ್ ಅಕ್ಕ, ಪೂರ್ತಿ ಕ್ಲೀನ್" ಎಂದ. ಏನು ಕ್ಲೀನ್ ಎಂದು ನನಗೆ ತಿಳಿಯಲಿಲ್ಲ, ಪಾತ್ರೆ ತೊಳೆಯುವ ಗಲಾಟೆಯಲ್ಲಿ ಕೇಳುವುದಕ್ಕೂ ಆಗಲಿಲ್ಲ. ಕಡಲೆಬೀಜ ಚೆನ್ನಾಗಿತ್ತು, ತಿಂದೆವು.

ಬುಧವಾರ ಏಕಾದಶಿ. ಪಟ್ಟಿ ಕೆಳಗೆ ಬಂದಾಗ ಎಂದಿಗಿಂತ ಚಿಕ್ಕದಾಗಿತ್ತು. ಏಕಾದಶಿಯ ದಿನ ಅದು ಚಿಕ್ಕದಾಗುವುದೇ ವಾಡಿಕೆ, ನಮ್ಮ ಬೀದಿಗಳಲ್ಲಿ ಉಪವಾಸದವರು ಬಹಳ. ಖಾಲಿ ಜಾಗ ಒಂದೂ ಇಲ್ಲದ, ಬೇಡ ಎಂಬುದೂ ಇಲ್ಲದ, ಅಚ್ಚುಕಟ್ಟಾದ ಪಟ್ಟಿ. ಇದ್ದಷ್ಟು ಕಟ್ಟಿದೆವು. ಮನೋಹರನೂ ತನ್ನ ಚೀಲ ಹಗುರವಾಗಿದ್ದುದನ್ನು ಕಂಡು ಏಕಾದಶಿ ತಾನೇ ಎಂದುಕೊಂಡು ಹೊರಟ.

ಮಾವಳ್ಳಿಯಲ್ಲಿ ಅವನ ಸ್ಕೂಟರು ಚಿಕ್ಕಮುನಿಯಮ್ಮನ ವಠಾರದ ಮುಂದೆಯೇ ಹಾದು ಪಕ್ಕದ ಗಲ್ಲಿಗೆ ಹೋಯಿತು. ಅವಳ ಡಬ್ಬಿ ಚೀಲದಲ್ಲಿ ಇರಲಿಲ್ಲ. ಅಜ್ಜಿಯನ್ನು ಯಾರೋ ನೆಂಟರು ಆಫೀಸಿಗೆ ತಿಳಿಸಿ ಕರೆದುಕೊಂಡು ಹೋಗಿರಬೇಕು ಎಂದುಕೊಂಡು ಅವನು ನಿಲ್ಲಲಿಲ್ಲ. ಒಳಗೆ ಆ ಸದ್ದು ಕೇಳಿ ಚಿಕ್ಕಮುನಿಯಮ್ಮ ಮಾತ್ರೆ ನುಂಗಿದಳು. ತಟ್ಟೆ ತೊಳೆದಿಟ್ಟಳು.

ಅಲ್ಲಿಂದ ಮುಂದಿನದು ಪಕ್ಕದ ಮನೆಯ ಕೋಕಿಲಾ ಹೇಳಿದ್ದು. ಊಟದ ಹೊತ್ತು ಮೀರಿದ ಮೇಲೆ ಅವಳು ಬಟ್ಟೆ ಒಣಗಿಸಲು ಹೊರಗೆ ಬಂದಾಗ ಅಜ್ಜಿ ಹೊಸಲಿನ ಮೇಲೆ ಕೂತಿದ್ದಳಂತೆ. "ಊಟ ಆಯ್ತಾ ಅಜ್ಜಿ?" ಎಂದು ಕೇಳಿದಳಂತೆ. "ಆಯ್ತು ಕಣಮ್ಮ, ನಿಂದಾಯ್ತಾ?" ಎಂದಳಂತೆ ಅಜ್ಜಿ. ಯಾರು ಕೇಳಿದರೂ, ಆಗಿರಲಿ ಬಿಡಲಿ, ನಾವೆಲ್ಲ ಹೇಳುವುದು ಅದೊಂದೇ ಉತ್ತರ. ಕೋಕಿಲಾ ಒಳಗೆ ಹೋದಳು. ಅಜ್ಜಿಯ ಮುಖದ ಮೇಲೆ ಬೆವರಿತ್ತು, ಬಿಸಿಲಿಗೆ ಇರಬೇಕು ಎಂದುಕೊಂಡಳಂತೆ. ಸಂಜೆ ದೀಪ ಹಾಕಿಲ್ಲವಲ್ಲ ಎಂದು ಇಣುಕಿದರೆ ಚಿಕ್ಕಮುನಿಯಮ್ಮ ನೆಲದ ಮೇಲೆ ಬಿದ್ದಿದ್ದಳು. ಕೂಗಿದರೆ ಓಗೊಡಲಿಲ್ಲ.

ಆಸ್ಪತ್ರೆಗೆ ನಾನೂ ಹೋದೆ, ಧರ್ಮೇಂದ್ರನೂ ಬಂದ. ಡಾಕ್ಟರು ಕೋಪದಲ್ಲಿದ್ದರು. "ಮಾತ್ರೆ ಕೊಟ್ಟು ಊಟ ಕೊಟ್ಟಿಲ್ಲ ಅಂದ್ರೆ ಏನ್ರೀ ಅರ್ಥ? ಸಕ್ಕರೆ ಪೂರ್ತಿ ಇಳಿದುಹೋಗಿ ಎಷ್ಟು ಹೊತ್ತಾಗಿದ್ಯೋ ಏನೋ. ಮೆದುಳಿಗೆ ಏಟು ಬಿದ್ದಿದೆ" ಎಂದರು. ಊಟ ಕೊಟ್ಟಿಲ್ಲ ಎಂಬ ಮಾತು ನನ್ನ ಕಿವಿಗೆ ಸೀಸ ಕಾಸಿ ಸುರಿದ ಹಾಗೆ ಬಿತ್ತು. ನಮ್ಮಲ್ಲಿ ಊಟ ತಪ್ಪುವುದು ಹೇಗೆ ಸಾಧ್ಯ? ಪಕ್ಕಕ್ಕೆ ತಿರುಗಿ ನೋಡಿದರೆ ಧರ್ಮೇಂದ್ರ ಇರಲಿಲ್ಲ.

ಅವನು ಅಲ್ಲಿಂದ ನೇರ ಮನೋಹರನ ಅಂಗಡಿಗೆ ಹೋಗಿದ್ದ.

"ಮನೋಹರ, ಮಂಗಳವಾರ ಅಜ್ಜಿಗೆ ಬೇಡ ಅಂತ ಒತ್ತಿದ್ಯಾ?"

"ಇಲ್ಲ ಧರ್ಮಣ್ಣ. ಏನೂ ಒತ್ತಿಲ್ಲ."

"ಸರಿಯಾಗಿ ಯೋಚ್ನೆ ಮಾಡಿ ಹೇಳು."

"ಯೋಚ್ನೆ ಏನು? ಆ ಅಜ್ಜಿಗೆ ಯಾವತ್ತೂ ಒತ್ತಲ್ಲ. ಒತ್ತದೆ ಇದ್ರೇನೇ ಅಲ್ವಾ ಡಬ್ಬಿ ಬರೋದು?"

ಧರ್ಮೇಂದ್ರನಿಗೆ ಆಗ ತಿಳಿಯಿತು. ದಿನವೂ ಲಾಗಿನಲ್ಲಿ ಬರುತ್ತಿದ್ದ ಆ ಸಾಲುಗಳು ಯಾರು ಯಾರವು, ಅವು ಹೇಳುತ್ತಿದ್ದುದು ಏನು ಎಂದು. ಆಫೀಸಿಗೆ ಬಂದು ಮಂಗಳವಾರದ ಕಡತ ತೆಗೆದು ನೋಡಿದ. ಚಿಕ್ಕಮುನಿಯಮ್ಮ ಎಂಬ ಹೆಸರಿನ ಮುಂದೆ ಬೇಡ ಎಂದು ದುಂಡಗೆ ಕೂತಿತ್ತು. ಅವಳೊಬ್ಬಳದೇ ಅಲ್ಲ. ಬಾಯಿಬಿಟ್ಟು ಬೇಕು ಎನ್ನದವರೆಲ್ಲರ ಹೆಸರಿನ ಮುಂದೆಯೂ ಅದೇ. ಬುಧವಾರ ಅವರಲ್ಲಿ ಒಬ್ಬರು ಅವಲಕ್ಕಿ ನೆನೆಸಿಕೊಂಡು ತಿಂದಿದ್ದರು, ಒಬ್ಬರು ಬಾಳೆಹಣ್ಣು, ಇನ್ನಿಬ್ಬರು ನೀರು ಕುಡಿದು ಮಲಗಿದ್ದರು. ಊಟ ಯಾಕೆ ಬರಲಿಲ್ಲ ಎಂದು ಒಬ್ಬರೂ ಫೋನು ಮಾಡಿರಲಿಲ್ಲ. ಮಾಡುವವರೂ ಅಲ್ಲ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಯಂತ್ರ ಅದು. ಆದರೂ ಇಷ್ಟು ದಿನ ಅದು ಕಟ್ಟುವ ಮುಂಚೆ ಒಂದು ಸಲ, ಉತ್ತರ ಬಂದಿಲ್ಲ ಸ್ವಾಮಿ ಎಂದು ಕೂಗುತ್ತಿತ್ತು. ಕೂಗದ ಹಾಗೆ ಮಾಡಿದ್ದು ನಾವು, ಮನುಷ್ಯರು.

ಚಿಕ್ಕಮುನಿಯಮ್ಮ ಕಣ್ಣು ಬಿಡಲೇ ಇಲ್ಲ. ಶುಕ್ರವಾರ ಹೋದಳು. ದೂರದ ಒಬ್ಬ ತಮ್ಮನ ಮಗ ಬಂದು ಕೊಳ್ಳಿಯಿಟ್ಟ, ವಠಾರದವರೇ ಮುಂದೆ ನಿಂತು ಎಲ್ಲ ಮಾಡಿದರು. ಹನ್ನೊಂದನೆಯ ದಿನ ಎಡೆ ಇಟ್ಟಾಗ ಮುದ್ದೆ, ಸೊಪ್ಪಿನ ಸಾರು, ವಡೆ, ಪಾಯಸ ಎಲ್ಲ ಇಟ್ಟಿದ್ದರು. ಅಷ್ಟು ದೊಡ್ಡ ಎಲೆಯ ಊಟ ಬದುಕಿದ್ದಾಗ ಅವಳ ಮುಂದೆ ಎಂದಾದರೂ ಬಂದಿತ್ತೋ ಇಲ್ಲವೋ. ನನಗೆ ಅದನ್ನು ನೋಡಲಾಗಲಿಲ್ಲ, ಹೊರಗೆ ಬಂದು ನಿಂತೆ.

ಧರ್ಮೇಂದ್ರ ಅಷ್ಟರಲ್ಲಿ ಆ ಸಾಲು ತೆಗೆದುಹಾಕಿದ್ದ. ಲಾಗಿನಲ್ಲಿ ಮತ್ತೆ ವಾರ್ನಿಂಗ್ ತುಂಬುತ್ತಿತ್ತು. ಅವನು ದಿನವೂ ಅದನ್ನು ತೆರೆದು, ಒಂದೊಂದು ಸಾಲೂ ಯಾರ ಮನೆಯದೆಂದು ನೋಡಿ, ಪಟ್ಟಿ ಕೈಯಲ್ಲಿ ಹಿಡಿದು ಕೆಳಗೆ ಬಂದು, ನಾವು ಕಟ್ಟಿದ ಡಬ್ಬಿಗಳನ್ನು ತಾನೇ ಮುಟ್ಟಿ ಮುಟ್ಟಿ ಎಣಿಸುತ್ತಿದ್ದ. ಎಣಿಸಿ ಮೇಲೆ ಹೋಗುತ್ತಿದ್ದ. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ.

ತಾನು ಮಾಡಿದ್ದನ್ನು ಅವನು ಬಚ್ಚಿಡಲಿಲ್ಲ. ಬಚ್ಚಿಟ್ಟಿದ್ದರೆ ಅವನ ಪಾಡು ಇಷ್ಟು ಕೆಟ್ಟದಾಗುತ್ತಿರಲಿಲ್ಲವೇನೋ. ಮೊದಲು ಶಂಭುಲಿಂಗಪ್ಪನವರಿಗೆ ಹೇಳಿದ. "ಬಿಡಯ್ಯಾ, ಆಯಮ್ಮನೇ ಬೇಡ ಅಂತಿದ್ಲಂತಲ್ಲ. ವಯಸ್ಸೂ ಆಗಿತ್ತು" ಎಂದು ಅವರು ಬೆನ್ನು ತಟ್ಟಿದರು. ಆಮೇಲೆ ಮನೋಹರನಿಗೆ ಹೇಳಿದ. "ಹಣೇಲಿ ಬರ್ದಿತ್ತು ಧರ್ಮಣ್ಣ, ನೀನೇನ್ಮಾಡ್ತೀಯ" ಎಂದ ಅವನು. ಮಾವಳ್ಳಿಗೆ ಹೋಗಿ ಕೋಕಿಲಾಳ ಮುಂದೆ ನಿಂತು ಎಲ್ಲ ಒಪ್ಪಿಸಿದ. ಅವಳಿಗೆ ಸ್ಕ್ರಿಪ್ಟು ಗಿಕ್ರಿಪ್ಟು ತಿಳಿಯಲಿಲ್ಲ. "ಕಂಪ್ಯೂಟರ್ರು ಕೈ ಕೊಟ್ರೆ ನೀವೇನ್ಮಾಡೋಕಾಗುತ್ತಣ್ಣ? ಬನ್ನಿ, ಕೂತ್ಕೊಳಿ, ಕಾಫಿ ಮಾಡ್ತೀನಿ" ಎಂದಳಂತೆ. ಅವನು ಬೇಡ ಎನ್ನಲು ಬಾಯಿ ತೆರೆದು, ಎನ್ನಲಾಗದೆ, ಅಲ್ಲಿಂದ ಓಡಿಬಂದನಂತೆ.

ಎಲ್ಲರೂ ಒಳ್ಳೆಯವರು. ಅವನ ಮೇಲಿನ ಕರುಣೆಯಿಂದಲೇ ಹೇಳಿದ್ದು. ಆದರೆ ಅವನಿಗೆ ಬೇಕಿದ್ದದ್ದು ಅದಲ್ಲ, ಅದನ್ನು ಬಾಯಿಬಿಟ್ಟು ಹೇಳಲು ಅವನಿಗೂ ತಿಳಿಯುತ್ತಿರಲಿಲ್ಲ. ಇಸ್ತ್ರಿ ಇಲ್ಲದ ಷರ್ಟಿನಲ್ಲಿ ಬರತೊಡಗಿದ. ಗಡ್ಡ ಬೆಳೆಯಿತು. ಕಿಸೆಯ ಕೆಂಪು ಪೆನ್ನು ಕಾಣೆಯಾಯಿತು.

ಎಡೆಯ ಮಾರನೆಯ ದಿನ ಮಧ್ಯಾಹ್ನ, ಡಬ್ಬಿಗಳೆಲ್ಲ ಹೋದ ಮೇಲೆ, ನಾನು ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದೆ. ಅವನು ಬಂದು ಎರಡು ಮೆಟ್ಟಿಲು ಕೆಳಗೆ ಕೂತ.

"ಅಕ್ಕ, ಎಲ್ರಿಗೂ ಹೇಳ್ದೆ. ಎಲ್ರೂ ಬಿಡು ಬಿಡು ಅಂತಾರೆ. ನೀವು ಎಲ್ರನ್ನೂ ಬೈತೀರ. ನನ್ನ ಮಾತ್ರ ಒಂದು ಮಾತೂ ಬೈದಿಲ್ಲ."

ನಿಜ, ಬೈದಿರಲಿಲ್ಲ. ನನ್ನ ಬಾಯಿಗೂ ಬಂದದ್ದು ಬಿಡೋ ಎಂಬ ಮಾತೇ. ಆದರೆ ಅವನ ಮುಖ ನೋಡಿದೆ. ಏಟು ತಿನ್ನಲು ಕೈ ಚಾಚಿ ನಿಂತ ಮಕ್ಕಳನ್ನು ಶಾಲೆಯಲ್ಲಿ ಎಷ್ಟೋ ನೋಡಿದ್ದೇನೆ, ಹೊಡೆಯದೆ ಕಳಿಸಿದರೆ ಕೆಲವು ಮಕ್ಕಳು ಇನ್ನಷ್ಟು ಅಳುತ್ತಾರೆ.

"ಬೈಬೇಕಾ ನಿನಗೆ? ಕೇಳು ಹಾಗಾದ್ರೆ" ಎಂದೆ. "ಆ ಮುದುಕಿ ಹಸ್ಕೊಂಡು ಸತ್ತಳು. ನಮ್ಮ ಊಟ ನಂಬ್ಕೊಂಡು, ನಮ್ಮ ಸ್ಕೂಟರ್ ಸದ್ದು ನಂಬ್ಕೊಂಡು ಮಾತ್ರೆ ನುಂಗಿ ಸತ್ತಳು. ಅವಳು ಬೇಡ ಅಂತ ಬಾಯಲ್ಲಿ ಅಂದಿದ್ದು ಮರ್ಯಾದೆಗೆ. ಅವಳ ಹೆಸರಿನ ಮುಂದೆ ಬೇಡ ಅಂತ ಬರೆದಿದ್ದು ನೀನು. ಕೆಳಗೆ ಇಳಿದು ಬಂದು ಒಂದು ಮಾತು ಕೇಳಿದ್ಯಾ? ಯಾಕಕ್ಕ ಇವ್ರು ಉತ್ತರ ಹೇಳಲ್ಲ ಅಂತ ಕೇಳಿದ್ಯಾ? ಪುಟ ಚೆನ್ನಾಗಿ ಕಾಣ್ಬೇಕು ನಿನಗೆ. ತೂತು ಇರಬಾರದು ನಿನಗೆ. ಅನ್ನಕ್ಕೆ ಕಾಯ್ಕೊಂಡು ಕೂತೋರನ್ನ ಅಳಿಸಿಹಾಕಿ ಕ್ಲೀನ್ ಅಂತ ಹೇಳಿ ನಮಗೆಲ್ಲ ಕಡಲೆಬೀಜ ಹಂಚಿದೆ ನೀನು."

ಇನ್ನೂ ಏನೇನೋ ಅಂದೆ. ಒಳಗೆ ಪಾತ್ರೆ ಉಜ್ಜುತ್ತಿದ್ದವರು ಕೈ ನಿಲ್ಲಿಸಿದ್ದು ಗೊತ್ತಾಯಿತು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಆದರೆ ಆಡಿದ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ, ಹಾಗಾಗಿ ವಾಪಸ್ಸು ತೆಗೆದುಕೊಳ್ಳುವಂಥದ್ದೂ ಯಾವುದೂ ಇರಲಿಲ್ಲ.

ಅವನು ಅಳಲಿಲ್ಲ. ತಲೆ ತಗ್ಗಿಸಿ, ಎರಡು ಕೈಯನ್ನೂ ಮಂಡಿಯ ಮೇಲೆ ಇಟ್ಟುಕೊಂಡು, ಒಂದಕ್ಷರವೂ ಬಿಡದ ಹಾಗೆ ಎಲ್ಲ ಕೇಳಿಸಿಕೊಂಡ. ನಾನು ನಿಲ್ಲಿಸಿದ ಮೇಲೆ ತಲೆ ಎತ್ತಿದ.

"ಇನ್ನೂ ಇದೆಯಾ ಅಕ್ಕ?" ಎಂದ.

"ಇದೆ" ಎಂದೆ.

"ಹೇಳಿ" ಎಂದು ಅಲ್ಲೇ ಕೂತ.